ಚಿಟಿಕೆಗೆ ಓಗೊಡದ ಮಾಡು

"ಕಿವಿ ಕಿತ್ಕೊಂಡೆಯಲ್ಲೋ ನಂದು! ಕಣ್ಣು ಹುಟ್ಟಿದಾಗಲೇ ಇರಲಿಲ್ಲ, ಕಿವಿ ಈಗ ನೀನು ಕಿತ್ಕೊಂಡೆ. ಮೂಗೊಂದು ಉಳಿದಿದೆ, ಅದನ್ನೂ ಕೊಯ್ಕೊಂಡು ಹೋಗು!"

"ಮೊದಲು ಬಾಯಿ ಕೀಳಬೇಕಿತ್ತು," ಎಂದು ಮೇಸ್ತ್ರಿಯೂ ಗುಡುಗಿದ. "ಅದೊಂದನ್ನ ಬಿಟ್ಟಿದ್ದೇ ತಪ್ಪಾಯ್ತು. ಏನಾಯ್ತು ಅಂತ ಹೇಳದೆ, ಬಂದ ತಕ್ಷಣ ಮೈಮೇಲೆ ಬೀಳ್ತೀಯಲ್ಲ, ನಿನ್ನ ಕೋಳಿ ಕದ್ದಿದೀನಾ ನಾನು?"

"ಏನಾಯ್ತು ಅಂತ ಕೇಳ್ತೀಯಾ? ಮುಟ್ಟಿ ನೋಡು ಇಲ್ಲಿ."

ಅಕ್ಕ ತಮ್ಮನ ಕೈಯನ್ನು ದರದರ ಎಳೆದು ತನ್ನ ಹಣೆಯ ಮೇಲೆ ಒತ್ತಿಕೊಂಡಳು. ಗೋಲಿ ಗಾತ್ರದ ಬುಗುಟು ಎದ್ದಿತ್ತು. ಅದರ ಪಕ್ಕದಲ್ಲಿ ಇನ್ನೊಂದು, ಸ್ವಲ್ಪ ಹಳೆಯದು, ಆಗಲೇ ಹಸಿರುಗಟ್ಟಿತ್ತು.

"ಕಂಬಕ್ಕೆ ಹೊಡ್ಕೊಂಡೆ. ನಾನು! ಈ ಹಾಲ್‌ನಲ್ಲಿ! ನಿನ್ನೆ ಬಂದ ಹುಡುಗಿಯರೆಲ್ಲ ಕೈ ಹಿಡ್ಕೊಳ್ಳಕ್ಕೆ ಓಡಿ ಬರ್ತಾರೆ. 'ಮೆಲ್ಲಗೆ ಅಕ್ಕ, ಈ ಕಡೆ ಅಕ್ಕ' ಅಂತಾರೆ. ನನಗೆ ದಾರಿ ತೋರಿಸ್ತಾರೆ, ನನಗೆ!"

ಬೆತ್ತದ ಕುರ್ಚಿ ಹೆಣೆಯುತ್ತಿದ್ದ ಹೆಂಗಸರ ಕೈಗಳು ಒಟ್ಟಿಗೆ ನಿಂತುಹೋಗಿದ್ದವು. ಅದು ಕಣ್ಣು ಕಾಣದ ಹೆಂಗಸರ ಸಂಸ್ಥೆ. ಅಲ್ಲಿದ್ದವರಿಗೆ ಜಗಳ ನೋಡುವ ಭಾಗ್ಯ ಇಲ್ಲದಿದ್ದರೂ ಕೇಳುವುದರಲ್ಲಿ ಅವರನ್ನು ಮೀರಿಸುವವರು ಯಾರೂ ಇರಲಿಲ್ಲ. ಯಾರೋ ಒಬ್ಬಳು ಕಿಸಕ್ಕೆಂದಳು. ಮೇಸ್ತ್ರಿ ಆ ಕಡೆ ತಿರುಗಿ ಕಣ್ಣು ಕೆಕ್ಕರಿಸಿದ. ಅವಳಿಗೆ ಕಾಣುವುದಿಲ್ಲ ಎಂಬುದು ಆಮೇಲೆ ನೆನಪಾಗಿ ಇನ್ನಷ್ಟು ಸಿಟ್ಟು ಬಂತು.

ಮೇಸ್ತ್ರಿ ಎಂದರೆ ಮಾಡಿನ ಮೇಸ್ತ್ರಿ. ಆಸ್ಪತ್ರೆ, ಶಾಲೆ, ಕಾರ್ಖಾನೆ, ಹೀಗೆ ದೊಡ್ಡ ದೊಡ್ಡ ಕಟ್ಟಡಗಳ ನೆತ್ತಿಗೆ ತಗಡು ಹೊದಿಸುವುದು ಅವನ ಕಸುಬು. ಸಣ್ಣಪುಟ್ಟ ಮನೆಗಳ ಕೆಲಸಕ್ಕೆ ಕರೆದರೆ, "ನಾನು ಕೊಡೆ ರಿಪೇರಿ ಮಾಡೋನಲ್ಲ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸುತ್ತಿದ್ದ. ಮೂರು ತಿಂಗಳ ಹಿಂದೆ ಈ ಹಾಲ್‌ನ ಹಳೆಯ ತಗಡು ಕಿತ್ತು ಹೊಸ ಮಾಡು ಹೊದಿಸಿದವನೂ ಅವನೇ. ಅಕ್ಕ ಚಿಕ್ಕಂದಿನಿಂದ ಇಲ್ಲೇ ಇದ್ದವಳು; ಈಗ ಹೊಸಬರಿಗೆ ಹೆಣಿಗೆ ಕಲಿಸುತ್ತಿದ್ದಳು. ಸಂಸ್ಥೆಯಲ್ಲಿ ಅವಳ ಹೆಸರು ಹೇಳಿದರೆ ಯಾರಿಗೂ ಗೊತ್ತಾಗದು, ಚಿಟಿಕೆಯಕ್ಕ ಎಂದರೆ ಅಡುಗೆಮನೆಯ ಬೆಕ್ಕಿಗೂ ಗೊತ್ತು.

ಅವಳು ನಡೆಯುವಾಗ ಬೆರಳಿನಿಂದ ಚಿಟಿಕೆ ಹಾಕುತ್ತ ನಡೆಯುವಳು. ಉಳಿದವರು ಕೋಲು ಹಿಡಿದೋ, ಗೋಡೆಗುಂಟ ಕಟ್ಟಿದ ಹಗ್ಗ ಸವರುತ್ತಲೋ ಹೋದರೆ, ಇವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಿಟಿಕೆ ಹೊಡೆಯುತ್ತ, ಕಣ್ಣಿರುವವರಿಗಿಂತ ಬಿರುಸಾಗಿ ನಡುಹಾಲ್‌ನಲ್ಲಿ ನುಗ್ಗುವಳು. ಹಳೆಯ ಮಾಡು ನಡುವೆ ಎತ್ತರ, ಎರಡು ಪಕ್ಕಕ್ಕೂ ಇಳಿಜಾರು. ಗೋಡೆಯ ಹತ್ತಿರ ಚಿಟಿಕೆ ಹೊಡೆದರೆ ತಗಡು ತಕ್ಷಣ ಗದರಿದಂತೆ ಮಾರುತ್ತರ ಕೊಡುತ್ತಿತ್ತು. ನಡುವೆ ಹೋದಂತೆ ಆ ಉತ್ತರ ತಡವಾಗಿ, ಉದ್ದವಾಗಿ ಬರುತ್ತಿತ್ತು. ಮಾಡಿನ ಉತ್ತರ ಕೇಳಿಯೇ ತಾನು ಎಲ್ಲಿದ್ದೇನೆ, ಕಂಬ ಎಷ್ಟು ದೂರ, ಬಾಗಿಲು ಯಾವ ಕಡೆ ಎಂದು ತಿಳಿಯುತ್ತಿದ್ದಳು. "ಕೋಲು ಹಿಡಿದವರಿಗೆ ಕಾಲ ಕೆಳಗಿನ ನೆಲ ಮಾತ್ರ ಗೊತ್ತಾಗೋದು. ನನಗೆ ಇಡೀ ಹಾಲ್ ಗೊತ್ತಾಗುತ್ತೆ," ಎಂದು ಜಂಬ ಕೊಚ್ಚುತ್ತಿದ್ದಳು. ಜಂಬ ಕೊಚ್ಚಲು ಅವಳಿಗೆ ಇದ್ದದ್ದೂ ಅದೊಂದೇ. ಮೇಸ್ತ್ರಿ ಚಿಕ್ಕವನಿದ್ದಾಗ, ರಜೆಗೆ ಮನೆಗೆ ಬಂದ ಅಕ್ಕ ಅವನನ್ನು ಪೇಟೆಗೆ ಕರೆದೊಯ್ಯುತ್ತಿದ್ದದ್ದೂ ಹೀಗೆಯೇ. ಕಣ್ಣಿದ್ದ ಹುಡುಗ ಕಣ್ಣಿಲ್ಲದವಳ ಸೆರಗು ಹಿಡಿದು ಹೋಗುವುದನ್ನು ಬೀದಿಯವರೆಲ್ಲ ನಿಂತು ನೋಡುತ್ತಿದ್ದರು.

"ಹೊಸ ಮಾಡು ಮಾತಾಡಲ್ಲ ಕಣೋ," ಎಂದಳು ಅಕ್ಕ. ದನಿ ಸ್ವಲ್ಪ ಇಳಿದಿತ್ತು. "ಚಿಟಿಕೆ ಹೊಡೆದ್ರೆ ಮೇಲಕ್ಕೆ ಹೋಗಿದ್ದು ವಾಪಸ್ ಬರೋದೇ ಇಲ್ಲ. ಬಟ್ಟೆ ಮೂಟೆಯೊಳಗೆ ನಿಂತ ಹಾಗಿದೆ. ಗೋಡೆ ಎಲ್ಲಿ, ನಾನೆಲ್ಲಿ, ಒಂದೂ ಗೊತ್ತಾಗಲ್ಲ."

"ಮತ್ತೆ ಮೊದಲ ದಿನವೇ ಯಾಕೆ ಹೇಳಲಿಲ್ಲ?"

"ನೀನು ಅಷ್ಟು ಹಿಗ್ಗಿ ನಿಂತಿದ್ದೆ. ಹೆಂಗೆ ಹೇಳ್ಲಿ?"

ಆ ದಿನ ಅವನಿಗೆ ಚೆನ್ನಾಗಿ ನೆನಪಿತ್ತು. ಅಕ್ಕ ಬಾಗಿಲಲ್ಲಿ ನಿಂತು ಎರಡು ಸಲ ಚಿಟಿಕೆ ಹೊಡೆದು ಸುಮ್ಮನಾಗಿದ್ದಳು. ಖುಷಿಗೆ ಮಾತು ಹೊರಡುತ್ತಿಲ್ಲ ಎಂದುಕೊಂಡು ಅವನು ಮೀಸೆಯೊಳಗೇ ನಕ್ಕಿದ್ದ.

ಹಿಗ್ಗಿದ್ದೇನೂ ಸುಳ್ಳಲ್ಲ. ಹಳೆಯ ತಗಡಿನ ಕೆಳಗೆ ಬೇಸಿಗೆಯಲ್ಲಿ ಹಾಲ್ ಕಾದ ಕಾವಲಿಯಾಗುತ್ತಿತ್ತು. ಫ್ಯಾನು ತಿರುಗಿದಷ್ಟೂ ಬಿಸಿ ಗಾಳಿಯೇ ಮುಖಕ್ಕೆ ರಾಚುತ್ತಿತ್ತು. ಹೋದ ಬೇಸಿಗೆಯಲ್ಲಿ, ಮೂಲೆಯಲ್ಲಿ ಕೂರುತ್ತಿದ್ದ ಕಾರಣಕ್ಕೆ ಎಲ್ಲರೂ ಮೂಲೆಯಜ್ಜಿ ಎಂದು ಕರೆಯುವ ಮುದುಕಿ, ಅರ್ಧ ಹೆಣೆದ ಕುರ್ಚಿಯ ಮೇಲೆಯೇ ಎಚ್ಚರ ತಪ್ಪಿ ಬಿದ್ದಿದ್ದಳು. ಅವಳನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋದ ದಿನ ಅಕ್ಕ ತಮ್ಮನನ್ನು ಕರೆಸಿ, "ಊರಿಗೆಲ್ಲ ಮಾಡು ಹೊದಿಸ್ತೀಯ, ಅಕ್ಕನ ನೆತ್ತಿ ಸುಡ್ತಿರೋದು ನಿನಗೆ ಗೊತ್ತಾಗಲ್ವಾ?" ಎಂದು ಅತ್ತಿದ್ದಳು. ಅವತ್ತಿನಿಂದ ಅವನು ಸಂಸ್ಥೆ ನಡೆಸುವ ಟ್ರಸ್ಟಿನವರ ಬೆನ್ನು ಬಿದ್ದ. ಸಭೆಗೆ ಹೋಗಿ ಮೇಜು ಗುದ್ದಿದ. ಬಿಳಿ ಲೇಪದ ತಗಡು ಬಿಸಿಲನ್ನು ವಾಪಸ್ ಎಸೆಯುತ್ತದೆ, ಅದರ ಕೆಳಗೆ ಕಲ್ಲು ಕರಗಿಸಿ ಹತ್ತಿಯಂತೆ ಮಾಡಿದ ದಪ್ಪ ನಾರು, ಬೆಂಕಿ ಹಿಡಿಯುವುದಿಲ್ಲ, ಅದರ ಕೆಳಗೆ ಇನ್ನೊಂದು ತಗಡು. ಮೂರೂ ಕಾರ್ಖಾನೆಯಲ್ಲೇ ಒಂದಕ್ಕೊಂದು ಅಂಟಿ ಒಂದೇ ಹಲಗೆಯಾಗಿ ಬರುತ್ತವೆ, ಕರೆಂಟು ಅರ್ಧ ಉಳಿಯುತ್ತದೆ, ನಲವತ್ತು ವರ್ಷ ಯಾರೂ ಕೈ ಹಚ್ಚುವಂತಿಲ್ಲ ಎಂದು ಗಂಟಲು ಹರಿಯುವಂತೆ ಹೇಳಿ ಒಪ್ಪಿಸಿದ.

ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಾಗಲಿಲ್ಲ. ಈ ಬೇಸಿಗೆಯಲ್ಲಿ ಮಟಮಟ ಮಧ್ಯಾಹ್ನ ಹೆಂಗಸರು ಫ್ಯಾನು ಆರಿಸಿ ಕೂತಿದ್ದರು. ಮೂಲೆಯಜ್ಜಿ ಎರಡು ಕುರ್ಚಿ ಹೆಚ್ಚು ಹೆಣೆದಿದ್ದಳು.

ಆದರೆ ಆ ಹಲಗೆಯಲ್ಲಿ ಎರಡು ಬಗೆ ಇತ್ತು. ಒಂದರಲ್ಲಿ ಕೆಳಗಿನ ತಗಡು ಸಾದಾ. ಇನ್ನೊಂದರಲ್ಲಿ ಕೆಳಗಿನ ತಗಡಿನ ತುಂಬ ಜರಡಿಯಂತೆ ಸಣ್ಣ ಸಣ್ಣ ತೂತು, ಸದ್ದೆಲ್ಲ ಆ ತೂತಿನೊಳಗೆ ಹೋಗಿ ನಾರಿನಲ್ಲಿ ಅಡಗಿಬಿಡುತ್ತದೆ. ಟ್ರಸ್ಟಿನವರು ಸಾದಾದು ಸಾಕೆಂದಿದ್ದರು. ತೂತಿನದೇ ಬೇಕೆಂದು ಹಟ ಹಿಡಿದವನು ಮೇಸ್ತ್ರಿ. ಕಿವಿಯನ್ನೇ ನಂಬಿ ಬದುಕುವವರಿಗೆ ಗದ್ದಲ ಇರಬಾರದು, ಮೊಳೆ ಬಡಿಯುವ ಸದ್ದಿಗೆ ಅಕ್ಕನ ತಲೆ ಸಿಡಿಯಬಾರದು ಎಂದು ಅವನೇ ಲೆಕ್ಕ ಹಾಕಿದ್ದ. ಅಕ್ಕನನ್ನು ಒಂದು ಮಾತು ಕೇಳೋಣ ಎಂದು ಮಾತ್ರ ಹೊಳೆದಿರಲಿಲ್ಲ. ಮಾಡಿನ ವಿಷಯದಲ್ಲಿ ಅವನು ಯಾರನ್ನೂ ಕೇಳಿದವನಲ್ಲ.

ಈಗ ಅಕ್ಕನ ಹಣೆಯ ಬುಗುಟು ಮುಟ್ಟಿದ ಕೈಯಲ್ಲೇ ಅವನಿಗೆ ಅದೆಲ್ಲ ಅರ್ಥವಾಯಿತು.

"ನೋಡ್ತೀನಿ ಇರು," ಎಂದಷ್ಟೇ ಹೇಳಿ ಹೊರಬಂದು ವಾರ್ಡನ್ ಅಮ್ಮನ ಕೋಣೆಗೆ ಹೋದ.

ವಾರ್ಡನ್ ಅಮ್ಮ ಒಳ್ಳೆಯವಳೇ. ಒಳ್ಳೆಯವರ ಜೊತೆ ಜಗಳವಾಡುವುದು ಹೇಗೆಂದು ಮೇಸ್ತ್ರಿಗೆ ಗೊತ್ತಿರಲಿಲ್ಲ.

"ಕೆಳಗಡೆ ಸಾದಾ ತಗಡು ಹೊಡೆದು ತೂತು ಮುಚ್ಚಿಬಿಡ್ತೀನಿ ಅಮ್ಮ," ಎಂದ. "ಖರ್ಚು ನಂದೇ, ಕೂಲಿನೂ ಬೇಡ. ನೀವು ಹೂಂ ಅನ್ನಿ ಸಾಕು."

"ಒಂದು ಮೊಳೆ ಹೊಡೆದ್ರೂ ಗ್ಯಾರಂಟಿ ಹೋಗುತ್ತೆ ಅಂತ ನೀವೇ ಅಲ್ವಾ ಮೇಸ್ತ್ರಿ ಹೇಳಿದ್ದು? ನಲವತ್ತು ವರ್ಷ ಯಾರೂ ಮುಟ್ಟೋ ಹಾಗಿಲ್ಲ ಅಂತ?"

"ಹೇಳಿದ್ದೆ."

"ಮತ್ತೆ ಉಳಿದವರೆಲ್ಲ ಎಷ್ಟು ನೆಮ್ಮದಿಯಾಗಿದಾರೆ! ಸದ್ದಿಲ್ಲ, ಸೆಖೆ ಇಲ್ಲ. ನಿಮ್ಮ ಅಕ್ಕ ಒಬ್ಬರೇ ನೋಡಿ. ಎಲ್ಲರ ಹಾಗೆ ಒಂದು ಕೋಲು ಹಿಡ್ಕೊಂಡ್ರೆ ಮುಗೀತಪ್ಪ. ಹೊಸ ಕೋಲು ತರಿಸಿದೀನಿ, ಮುಟ್ಟಿಯೂ ನೋಡಲ್ಲ ಅಂತಾರೆ. ನೀವೇ ಸ್ವಲ್ಪ ಬುದ್ಧಿ ಹೇಳಿ."

ಮೇಸ್ತ್ರಿ ಬಾಗಿಲ ಹಿಂದೆ ಒರಗಿಸಿಟ್ಟಿದ್ದ ಕೋಲನ್ನು ನೋಡಿದ. ಅಕ್ಕನಿಗೆ ಬುದ್ಧಿ ಹೇಳಿದವರು ಅವರ ಮನೆತನದಲ್ಲೇ ಯಾರೂ ಇರಲಿಲ್ಲ.

"ಅಂದಹಾಗೆ ಸಿಹಿ ಸುದ್ದಿ," ಎಂದಳು ವಾರ್ಡನ್ ಅಮ್ಮ. "ಹೊಳೆಯಾಚೆ ನಮ್ಮ ಶಾಖೆ ಇದೆಯಲ್ಲ, ಅಲ್ಲಿಗೂ ಇದೇ ಮಾಡು. ಟ್ರಸ್ಟಿನವರು ಬಂದು ನೋಡಿ ಮನಸೋತು ಹೋಗಿದಾರೆ. ಕೆಲಸ ನಿಮಗೇ ಕೊಡ್ಬೇಕು ಅಂತಲೂ ಹೇಳಿದಾರೆ."

"ಅಲ್ಲಿಗೆ ಸಾದಾದು ತರಿಸಿ ಅಮ್ಮ. ತೂತಿನದು ಬೇಡ."

"ಹಲಗೆ ಆಗಲೇ ಲಾರಿ ಹತ್ತಿದೆ. ಅಷ್ಟಕ್ಕೂ ತೂತಿನದು ಹಾಕ್ಲೇಬೇಕು ಅಂತ ಅವರ ತಲೆಯಲ್ಲಿ ಕೂರಿಸಿದವರು ನೀವೇ. ಈಗ ಬೇಡ ಅಂದ್ರೆ ಯಾರು ಕೇಳ್ತಾರೆ?"

"ಹಾಗಾದ್ರೆ ನಾನು ಆ ಕೆಲಸ ಮಾಡಲ್ಲ."

"ನೀವಲ್ಲದಿದ್ರೆ ಇನ್ನೊಬ್ರು ಮಾಡ್ತಾರೆ," ಎಂದಳು ಅವಳು, ಸಿಟ್ಟಿಲ್ಲದೆ.

ಮೇಜು ಗುದ್ದಬೇಕೆನಿಸಿತು. ಆದರೆ ಗುದ್ದಿ ಗೆಲ್ಲುವಂಥ ಎದುರಾಳಿ ಅಲ್ಲಿರಲಿಲ್ಲ. ಸಭೆಯಲ್ಲಿ ತಾನು ಆಡಿದ ಮಾತುಗಳೇ ಬಂದು ವಾರ್ಡನ್ ಅಮ್ಮನ ಕುರ್ಚಿಯಲ್ಲಿ ಕೂತು ತನಗೆ ಉತ್ತರ ಕೊಡುತ್ತಿದ್ದಂತಿತ್ತು.

ಮರುದಿನ ಅವನು ಯಾರನ್ನೂ ಕೇಳದೆ, ಶೆಡ್ಡಿನಲ್ಲಿ ಉಳಿದಿದ್ದ ಸಾದಾ ತಗಡುಗಳನ್ನು ಗಾಡಿಗೆ ಹೇರಿಕೊಂಡು ಬಂದ. ಮೊಳೆ ಹೊಡೆಯಬಾರದು ತಾನೇ? ಹೊಡೆಯುವುದೇ ಬೇಡ. ಕಬ್ಬಿಣದ ತೊಲೆಗಳಿಗೆ ತಂತಿಯಲ್ಲಿ ಬಿಗಿದರಾಯಿತು. ಊಟದ ಹೊತ್ತಿಗೆ ಹಾಲ್ ಖಾಲಿಯಾಯಿತು. ಏಣಿ ಹಾಕುವ ಮೊದಲು ಅವನು ಬಾಗಿಲ ಹತ್ತಿರ ನಿಂತು, ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕಣ್ಣು ಮುಚ್ಚಿದ. ಚಿಟಿಕೆ ಹೊಡೆದ. ಚಿಟಿಕೆಯ ಸದ್ದು ಕೇಳಿತು, ಅಷ್ಟೇ. ನಾಲ್ಕು ಹೆಜ್ಜೆ ಇಟ್ಟು ಮತ್ತೆ ಹೊಡೆದ. ಅದೇ ಸದ್ದು. ಕೈ ಚಾಚಿದ, ಏನೂ ಸಿಗಲಿಲ್ಲ. ಬೆವರು ಕಿತ್ತುಕೊಂಡು ಬಂತು, ಕಣ್ಣು ಬಿಟ್ಟ. ಹಳೆಯ ಮಾಡಿದ್ದಾಗಲೂ ತನಗೆ ಇಷ್ಟೇ ಕೇಳುತ್ತಿತ್ತೇನೋ. ಅಕ್ಕನಿಂದ ಏನನ್ನು ಕಿತ್ತುಕೊಂಡಿದ್ದೇನೆ ಎಂಬುದು ಕೂಡ ತನ್ನ ಕಿವಿಗೆ ನಿಲುಕುವುದಿಲ್ಲ. ಏಣಿ ಹತ್ತುವಾಗ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಬಾಗಿಲಿನಿಂದ ಅಕ್ಕನ ಮಣೆ ಇರುವ ಕಡೆಗೆ, ಅವಳು ನಡೆಯುವ ದಾರಿಯ ಮೇಲೆ, ತಗಡುಗಳನ್ನು ಒಂದರ ಪಕ್ಕ ಒಂದು ಬಿಗಿಯುತ್ತ ಬಂದ. ಮೂರನೆಯ ಕಂಬದವರೆಗೆ ಬರುವಷ್ಟರಲ್ಲಿ ತಗಡು ಮುಗಿಯಿತು, ಹೆಂಗಸರೂ ಊಟ ಮುಗಿಸಿ ಬಂದರು.

"ಅಕ್ಕಾ, ಬಾ. ಬಾಗಿಲಿಂದ ನಡಿ. ಚಿಟಿಕೆ ಹೊಡಿ," ಎಂದ.

"ಏನೋ ಇದು, ಸರ್ಕಸ್ಸಾ?" ಎಂದಳು. ಆದರೂ ಬಂದು ನಿಂತಳು.

ಚಿಟಿಕೆ ಹೊಡೆದಳು. ತಲೆ ಒಂದಿಷ್ಟು ಓರೆ ಮಾಡಿದಳು. ಇನ್ನೊಮ್ಮೆ ಹೊಡೆದಳು. ಅವಳ ಮುಖ ಅರಳುತ್ತ ಬಂದದ್ದನ್ನು ಮೇಸ್ತ್ರಿ ಏಣಿಯ ಮೇಲಿಂದಲೇ ನೋಡಿದ. ಸೆರಗು ಸೊಂಟಕ್ಕೆ ಹೋಯಿತು. ಮೊದಲ ಕಂಬ ದಾಟಿದಳು, ಎರಡನೆಯದನ್ನು ಬೆರಳ ತುದಿಯಲ್ಲಿ ಸುಮ್ಮನೆ ತಟ್ಟಿದಳು.

"ಎಲ್ಲಿದ್ದೆ ಮುಂಡೇದೆ ಇಷ್ಟು ದಿನ?" ಎಂದು ಮಾಡನ್ನೇ ಬೈದಳು. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು.

ಮೂರನೆಯ ಕಂಬ ದಾಟಿ ಚಿಟಿಕೆ ಹೊಡೆದಳು. ಎತ್ತಿದ ಕಾಲು ಎತ್ತಿದಂತೆಯೇ ನಿಂತಿತು. ಮತ್ತೆ ಹೊಡೆದಳು. ಎಡಕ್ಕೊಮ್ಮೆ, ಬಲಕ್ಕೊಮ್ಮೆ ಹೊಡೆದಳು. ಕತ್ತಲ ಬಾವಿಯ ಮೆಟ್ಟಿಲಿಳಿಯುವವರಿಗೆ ಮುಂದಿನ ಮೆಟ್ಟಿಲೇ ಸಿಗದಂತೆ, ಎರಡೂ ಕೈ ಮುಂದೆ ಚಾಚಿ ತಡಕಾಡಿದಳು. ಅಕ್ಕ ಕೈ ಚಾಚಿ ತಡಕಾಡಿದ್ದನ್ನು ಮೇಸ್ತ್ರಿ ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ಮುಗೀತು ಇಲ್ಲಿಗೆ," ಎಂದಳು.

"ನಾಳೆ ಇನ್ನಷ್ಟು ತಗಡು ತರ್ತೀನಿ. ಇಡೀ ಹಾಲ್‌ಗೆ ಕಟ್ತೀನಿ."

"ಇಡೀ ಹಾಲ್‌ಗಾ?" ಮೂಲೆಯಿಂದ ಅಜ್ಜಿಯ ದನಿ ಬಂತು. "ಬೇಡ ಕಣಪ್ಪ, ನಿನ್ನ ದಮ್ಮಯ್ಯ. ನೀನು ತಗಡು ಕಟ್ಟಿದ ಕಡೆಯಿಂದ ಆಗಲೇ ಗಲಗಲ ಸದ್ದು ಶುರುವಾಯ್ತು. ಆ ತಗಡು, ಆ ಸದ್ದು, ಆ ಬಿಸಿ ಮತ್ತೆ ಬಂದ್ರೆ ನಾನು ಇಲ್ಲೇ ಹೋಗ್ಬಿಡ್ತೀನಿ. ಚಿಟಿಕೆ, ಬೇಜಾರು ಮಾಡ್ಕೋಬೇಡವೇ. ಈ ಮಾಡು ಬಂದ ಮೇಲೆ ನನ್ನ ಎದೆ ಹಗುರಾಗಿದೆ."

ಈ ತಗಡಿನಿಂದ ಬಿಸಿ ಬರುವುದಿಲ್ಲ ಎಂದು ಹೇಳಲು ಮೇಸ್ತ್ರಿ ಬಾಯಿ ತೆರೆದ. ಅಜ್ಜಿ ಎದೆಯ ಮೇಲೆ ಕೈ ಇಟ್ಟುಕೊಂಡಿದ್ದಳು. ಬಾಯಿ ಮುಚ್ಚಿದ.

"ನಿನ್ನ ಮೇಲೆ ಬೇಜಾರಿಲ್ಲ ಕಣಜ್ಜಿ," ಎಂದಳು ಅಕ್ಕ.

ನಗು ಕೇಳಿಸಿಯೋ ಏನೋ, ಅಷ್ಟರಲ್ಲಿ ವಾರ್ಡನ್ ಅಮ್ಮ ಬಾಗಿಲಿಗೆ ಬಂದಳು. ತೂಗುತ್ತಿದ್ದ ತಗಡುಗಳನ್ನು ನೋಡಿ ಹೌಹಾರಿದಳು. "ಅಯ್ಯೋ ಮೇಸ್ತ್ರಿ, ಏನಿದು? ತಂತಿ ಬಿಚ್ಕೊಂಡು ಯಾರ ತಲೆ ಮೇಲಾದ್ರೂ ಬಿದ್ರೆ? ಕಣ್ಣಿದ್ದವರಾದ್ರೆ ನೋಡಿ ಪಕ್ಕಕ್ಕೆ ಸರೀತಾರೆ, ಇವರೇನು ಮಾಡ್ತಾರೆ? ಇಳಿಸಿ, ಈಗಲೇ ಇಳಿಸಿ."

ಮೇಸ್ತ್ರಿ ಹತ್ತಿರದ ತಂತಿಯ ಗಂಟಿಗೆ ಕೈ ಹಾಕಿದ.

"ಮನಸ್ಸಿಗೆ ಹಚ್ಕೋಬೇಡಿ ಅಕ್ಕ," ಎಂದು ವಾರ್ಡನ್ ಅಮ್ಮ ಅಕ್ಕನ ತೋಳು ಸವರಿದಳು. ಸಮಾಧಾನ ಹೇಳುವುದೇ ಅವಳ ಉದ್ದೇಶವಾಗಿತ್ತು. "ನಿಮ್ಮ ತಮ್ಮ ನಿಮಗೋಸ್ಕರ ಎಷ್ಟು ಬಡಿದಾಡಿದಾರೆ ಗೊತ್ತಾ? ಟ್ರಸ್ಟಿನವರು ಸಾದಾ ತಗಡಿನದೇ ಸಾಕು ಅಂದಿದ್ರು. ಇವರೇ ಹಟ ಮಾಡಿ, ಸದ್ದು ಹೀರೋ ತೂತಿನ ತಗಡು ಹಾಕಿಸಿದ್ದು. ಬರೀ ನಿಮ್ಮ ಕಿವಿಗೆ ತಂಪಾಗಿರಲಿ ಅಂತ."

ಅಕ್ಕ ತೋಳು ಬಿಡಿಸಿಕೊಂಡಳು.

"ಎರಡು ಥರ ಇತ್ತಾ?" ಎಂದಳು ಅಕ್ಕ.

ಮೇಸ್ತ್ರಿ ಏಣಿಯಿಂದ ಇಳಿದ.

"ನಿನ್ನನ್ನೇ ಕೇಳ್ತಿರೋದು. ಸಾದಾದು ಹಾಕಿದ್ರೆ ತಂಪು ಇರ್ತಿರಲಿಲ್ವಾ?"

"ಇರ್ತಿತ್ತು."

"ಮಾಡು ಮಾತಾಡ್ತಿತ್ತಾ?"

"ಆಡ್ತಿತ್ತು."

ಬೈಗುಳ ಬರುತ್ತದೆಂದು ಅವನು ಕಾದ. ಬರಲಿ ಎಂದು ಬೇಡಿಕೊಂಡ. ಬಾಯಿಗೆ ಬಂದದ್ದು ಬೈದು, ಕೈಗೆ ಸಿಕ್ಕಿದ ಬೆತ್ತ ತೆಗೆದು ಬಾರಿಸಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅಕ್ಕ ಬೈಯಲಿಲ್ಲ. ಅವನ ದನಿ ಬಂದ ಕಡೆಗೆ ಮುಖ ಮಾಡಿದಳು.

"ಒಂದು ಮಾತು ಕೇಳಬಹುದಿತ್ತಲ್ಲೋ," ಎಂದಳು. "ಬರೀ ಒಂದು ಮಾತು."

ಆಮೇಲೆ ವಾರ್ಡನ್ ಅಮ್ಮನ ಕಡೆ ತಿರುಗಿದಳು. "ಹೊಳೆಯಾಚೆ ಶಾಖೆಯಲ್ಲಿ ಹೆಣಿಗೆ ಕಲಿಸೋರು ಬೇಕು ಅಂತಿದ್ರಲ್ಲ. ನಾನು ಹೋಗ್ತೀನಿ. ಬೆತ್ತ ಹೇರಿಕೊಂಡು ಹೋಗೋ ವ್ಯಾನು ಇನ್ನೂ ಗೇಟಿನ ಹತ್ತಿರವೇ ಇದೆ, ಇಂಜಿನ್ ಸದ್ದು ಕೇಳಿಸ್ತಿದೆ."

"ಈಗಲೇನಾ? ಅಲ್ಲಿ ಹಳೇ ತಗಡಿನ ಮಾಡು ಅಕ್ಕ, ಬೆಂದು ಹೋಗ್ತೀರ," ಎಂದು ವಾರ್ಡನ್ ಅಮ್ಮ ಹೇಳಿದವಳು ಏನೋ ನೆನಪಾಗಿ ಮೇಸ್ತ್ರಿಯ ಮುಖ ನೋಡಿದಳು. ಹೇಳುವುದಾದರೆ ನೀನೇ ಹೇಳು ಎಂಬಂತಿತ್ತು ಆ ನೋಟ.

"ಬೇಯ್ತೀನಿ. ಬೆಂದ್ರೂ ಎಲ್ಲಿದ್ದೀನಿ ಅಂತ ಗೊತ್ತಾಗುತ್ತಲ್ಲ."

ಅಲ್ಲಿಗೂ ಲಾರಿ ಹೊರಟಿದೆ ಎಂಬ ಮಾತು ಮೇಸ್ತ್ರಿಯ ಗಂಟಲವರೆಗೆ ಬಂತು. ಹೇಳಿದರೆ ಅವಳಿಗೆ ಹೋಗಲು ಜಾಗವೇ ಇಲ್ಲ. ಕೋಲು ಹಿಡಿದು, ಹಗ್ಗ ಸವರುತ್ತ ಇಲ್ಲೇ ಬಿದ್ದಿರಬೇಕು. ಹೇಳದಿದ್ದರೆ ಅವಳ ಚಿಟಿಕೆ ನಡೆಯುವುದು ಇನ್ನೆಷ್ಟು ದಿನವೋ, ಅಲ್ಲಿನ ಮಾಡೂ ಮೂಕವಾಗುವವರೆಗೆ. ಎರಡನ್ನೂ ತೂಗಿ ನೋಡುವಷ್ಟರಲ್ಲಿ ಅಕ್ಕ ತಿರುಗಿ, ತಂತಿಗೆ ತೂಗುತ್ತಿದ್ದ ತಗಡಿನ ಕೆಳಗೆ ಚಿಟಿಕೆ ಹೊಡೆಯುತ್ತ, ಮೂರು ಕಂಬ ದಾಟಿ ಬಾಗಿಲಿಗೆ ಹೋಗಿದ್ದಳು.

"ಅಕ್ಕಾ!" ಎಂದು ಕೂಗಿದ.

"ಏನು?"

"ಮೆಟ್ಟಿಲಿದೆ... ನೋಡ್ಕೊಂಡು ಇಳಿ."

"ನೋಡ್ಕೊಂಡು ಇಳೀಬೇಕಂತೆ!" ಎಂದಳು ಅಕ್ಕ. ನಕ್ಕಳೋ ಏನೋ, ಬೆನ್ನು ಅವನ ಕಡೆಗಿತ್ತು.

ಮೆಟ್ಟಿಲಿಳಿದಳು. ಅಂಗಳದಲ್ಲಿ ಕಾಂಪೌಂಡ್ ಗೋಡೆಗುಂಟ ಚಿಟಿಕೆಯ ಸದ್ದು ಬಿರುಸಾಗಿ ಸಾಗಿತು. ಗೋಡೆಯಿಂದ ಅವಳಿಗೆ ಏನು ಉತ್ತರ ಬರುತ್ತಿತ್ತೋ, ಮೇಸ್ತ್ರಿಗೆ ಚಿಟಿಕೆ ಮಾತ್ರ ಕೇಳುತ್ತಿತ್ತು. ಗೇಟಿನ ಹತ್ತಿರ ಅದು ನಿಂತಿತು. ವ್ಯಾನಿನ ಬಾಗಿಲು ಬಡಿಯಿತು.

ಉಟ್ಟ ಬಟ್ಟೆಯಲ್ಲೇ ಹೋಗಿದ್ದಾಳೆ, ಪೆಟ್ಟಿಗೆಗಾದರೂ ಬರುತ್ತಾಳೆ ಎಂದುಕೊಂಡು ಅವನು ತಗಡುಗಳನ್ನು ಒಂದೊಂದಾಗಿ ಬಿಚ್ಚಿ ಇಳಿಸುತ್ತ ಸಂಜೆಯವರೆಗೂ ಅಲ್ಲೇ ಇದ್ದ. ವ್ಯಾನು ವಾಪಸ್ ಬಂತು. ಡ್ರೈವರ್ ಒಬ್ಬನೇ ಇಳಿದು, ಚಿಟಿಕೆಯಕ್ಕನ ಪೆಟ್ಟಿಗೆ ಯಾವುದು ಎಂದು ಕೇಳಿದ.